ಹಿಂದಿನ ಕೋಣೆಯ ನೆಬ್ರಾಸ್ಕಾ

ಕುವೈತ್ ಎಂಬ ದೇಶ ಇನ್ನಿಲ್ಲ, ಅದು ಇರಾಕಿನ ಹತ್ತೊಂಬತ್ತನೆಯ ಪ್ರಾಂತ್ಯ ಎಂದು ರೇಡಿಯೊ ಹೇಳಿದ ಮಧ್ಯಾಹ್ನ, ನಮ್ಮ ಫ್ಲ್ಯಾಟಿನ ಹಿಂದಿನ ಕೋಣೆಯಲ್ಲಿ ಒಬ್ಬರು ಅಮೆರಿಕನ್ನರು ನೆಲದ ಮೇಲೆ ಕುಳಿತು ನನ್ನ ಮಗಳಿಗೆ ತಮ್ಮ ದೇಶದ ರಾಜ್ಯಗಳ ಹೆಸರು ಹೇಳಿಕೊಡುತ್ತಿದ್ದರು. ನಾನು ಅಕ್ಕಿ ಆರಿಸುವ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಈ ದೇಶಕ್ಕೆ ಬಂದು ನನಗೆ ಆಗ ಮೂರು ತಿಂಗಳು. ಅದರ ಬೀದಿಗಳನ್ನೇ ಸರಿಯಾಗಿ ನೋಡಿರಲಿಲ್ಲ, ಅಷ್ಟರಲ್ಲಿ ದೇಶವೇ ಇಲ್ಲವಾಗಿತ್ತು.

ನಾನು ಕಾರ್ಕಳದ ಕಡೆಯವಳು. ಅಲ್ಲಿ ಒಂದು ಪ್ರಾಥಮಿಕ ಶಾಲೆಯಲ್ಲಿ ಒಂಬತ್ತು ವರ್ಷ ಪಾಠ ಮಾಡಿದ್ದೆ. ನನ್ನ ಗಂಡ ವಸಂತ ಅಹ್ಮದಿಯಲ್ಲಿ ಎಣ್ಣೆ ಬಾವಿಗಳ ಕೆಲಸ ಮಾಡುವ ಒಂದು ಗುತ್ತಿಗೆ ಕಂಪನಿಯ ಸ್ಟೋರಿನಲ್ಲಿದ್ದರು. ಕುಟುಂಬವನ್ನು ಕರೆಸಿಕೊಳ್ಳಲು ಅನುಮತಿ ಸಿಗುವ ಹೊತ್ತಿಗೆ ಅವರಿಗೆ ಇಲ್ಲಿ ಆರು ವರ್ಷ ಕಳೆದಿತ್ತು. ೧೯೯೦ರ ಮೇ ತಿಂಗಳಲ್ಲಿ ನಾನು ಕೆಲಸ ಬಿಟ್ಟು, ಎಂಟು ವರ್ಷದ ವಿದ್ಯಾಳನ್ನು ಕರೆದುಕೊಂಡು ಬಂದೆ.

ಅಬು ಹಲೀಫಾದಲ್ಲಿ ಮೂರನೆಯ ಮಹಡಿಯ ಮನೆ. ಅಡಿಗೆಮನೆಯ ಕಿಟಕಿಯಿಂದ ಒಂದು ಪಟ್ಟಿ ಸಮುದ್ರ ಕಾಣುತ್ತಿತ್ತು. ಮಲ್ಪೆಯ ಕಡಲು ಮನೆಯೊಳಗಿದ್ದವರನ್ನೂ ಮಾತಾಡಿಸುತ್ತದೆ. ಇಲ್ಲಿಯದು ತಟ್ಟೆಯಲ್ಲಿ ಹೊಯ್ದಿಟ್ಟ ನೀರಿನಂತೆ ಸುಮ್ಮನೆ ಬಿದ್ದಿತ್ತು. ಅಹ್ಮದಿಯಲ್ಲಿ ದೊಡ್ಡ ಕಂಪನಿಯ ಜನರ ಮನೆಗಳ ಮುಂದೆ ಹುಲ್ಲು, ಮರ. ನಮ್ಮ ಕಡೆ ಬರೀ ಮರಳು, ನಿಲ್ಲಿಸಿದ ಕಾರುಗಳು. ಮೊದಲ ತಿಂಗಳು ನಾನು ಯಾರೊಡನೆಯೂ ಮಾತಾಡಲಿಲ್ಲ. ಜುಲೈಯಲ್ಲಿ ಒಂದು ದಿನ ಬಕಾಲಕ್ಕೆ, ಅಂದರೆ ಮೂಲೆಯ ಅಂಗಡಿಗೆ, ಒಬ್ಬಳೇ ಹೋಗಿ ಅರಬ್ಬಿಯಲ್ಲಿ ಐದು ಎಂದು ಎಣಿಸಿ ಐದು ಖುಬೂಸ್ ರೊಟ್ಟಿ ತಂದೆ. ಇವರು ಬರುವವರೆಗೆ ಅದನ್ನು ಮೇಜಿನ ಮೇಲೆ ಹಾಗೇ ಇಟ್ಟಿದ್ದೆ, ತೋರಿಸಲಿಕ್ಕೆ.

ಆಗಸ್ಟ್ ಮೊದಲ ವಾರ ಇರಾಕಿನ ಸೈನ್ಯ ಬಂತು. ಅಂಗಡಿಗಳು ಬರಿದಾದವು. ಸೈನಿಕರು ಅಮೆರಿಕದವರನ್ನೂ ಇಂಗ್ಲೆಂಡಿನವರನ್ನೂ ಹುಡುಕಿ ಹಿಡಿಯತೊಡಗಿದರು. ಬಾಂಬು ಬೀಳದಿರಲಿ ಎಂದು ಅವರನ್ನು ಇರಾಕಿನ ಕಾರ್ಖಾನೆಗಳಲ್ಲಿ ಕೂರಿಸುತ್ತಾರಂತೆ ಎಂಬ ಸುದ್ದಿ ಇತ್ತು. ಅಡಗಿಸಿಟ್ಟವರಿಗೆ ಗಲ್ಲು. ಒಂದು ದಿನ, ಚೆಕ್‌ಪೋಸ್ಟಿನವರು ಬಿಸಿಲಿಗೆ ನೆರಳು ಹುಡುಕುವ ಹೊತ್ತಿನಲ್ಲಿ, ಇವರು ಕಂಪನಿಯ ವ್ಯಾನಿನಲ್ಲಿ ಪೆಟ್ಟಿಗೆಗಳ ಹಿಂದೆ ಮಲಗಿಸಿ ಡೇಲ್ ಸಾರ್ ಅವರನ್ನು ಕರೆತಂದರು. ಇವರ ಕಂಪನಿಯ ಇಂಜಿನಿಯರು. ಐವತ್ತೆಂಟರ ಮನುಷ್ಯ, ಬಿಳಿ ಹುಬ್ಬು, ಉದ್ದ ಕಾಲು. ಅವರ ಹೆಂಡತಿ ಬೇಸಿಗೆ ರಜೆಗೆ ಊರಿಗೆ ಹೋಗಿದ್ದರು.

"ಎಷ್ಟು ದಿನಕ್ಕೆ?" ಎಂದು ನಾನು ಅಡಿಗೆಮನೆಯಲ್ಲಿ ಇವರನ್ನು ಕೇಳಿದೆ.

"ಗೊತ್ತಿಲ್ಲ ಮಾರಾಯ್ತಿ. ಎರಡು ಸಲ ನನ್ನ ಕೆಲಸ ಹೋಗುದನ್ನು ತಪ್ಪಿಸಿದ್ದು ಅವರು. ಈಗ ಬಾಗಿಲು ಹಾಕುದು ಹೇಗೆ ಹೇಳು?"

"ಮನೆಯಲ್ಲಿ ಮಗು ಉಂಟಲ್ಲ?"

"ಉಂಟು," ಎಂದರು.

ಹಿಂದಿನ ಕೋಣೆಗೆ ಕಿಟಕಿ ಒಂದೇ, ಅದಕ್ಕೂ ಕಂಬಳಿ ಹೊಡೆದೆವು. ವಿದ್ಯಾಳಿಗೆ ಶಾಲೆ ಇರಲಿಲ್ಲ. ಮೂರನೆಯ ದಿನ ಅವಳು ತನ್ನ ಬಣ್ಣದ ಕಡ್ಡಿಗಳನ್ನು ಹಿಡಿದುಕೊಂಡು ಒಳಗೆ ಹೋದಳು. ಡೇಲ್ ಸಾರ್ ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಅಮೆರಿಕದ ನಕ್ಷೆ ಬರೆದರು. ಬಾಗಿಲಲ್ಲಿ ನಿಂತು ನಾನೂ ಕಲಿತೆ. ಅಮೆರಿಕ ಎಂದರೆ ಒಂದೇ ದೊಡ್ಡ ಊರು ಎಂಬಂತೆ ನಾವು ಮಾತಾಡುತ್ತೇವೆ. ಅದರಲ್ಲಿ ಐವತ್ತು ರಾಜ್ಯಗಳಿವೆ, ಅಲ್ಲಿಯವರು ಅದನ್ನು ನಾಲ್ಕು ಭಾಗ ಮಾಡಿ ಹೇಳುತ್ತಾರೆ. ಈಶಾನ್ಯದಲ್ಲಿ ಚಿಕ್ಕ ಚಿಕ್ಕ ರಾಜ್ಯಗಳು ಒತ್ತಿಕೊಂಡಿವೆ. ರೋಡ್ ಐಲೆಂಡ್ ಎಂಬುದು ನಮ್ಮ ಜಿಲ್ಲೆಯ ಅರ್ಧದಷ್ಟು. ಆಮೇಲೆ ದಕ್ಷಿಣ. ಅಲ್ಲಿಯ ಟೆಕ್ಸಾಸಿನೊಳಗೆ ಮೂರು ಕರ್ನಾಟಕ ಹಾಕಿದರೂ ಜಾಗ ಉಳಿಯುತ್ತದೆ. ಪಶ್ಚಿಮದಲ್ಲಿ ಬೆಟ್ಟ, ಮರುಭೂಮಿ, ಅಡಿಕೋಲು ಇಟ್ಟು ಎಳೆದಂಥ ಗಡಿಗಳು. ನಮ್ಮಲ್ಲಿ ಹೊಳೆಯೋ ಘಟ್ಟವೋ ಗಡಿಯಾಗುತ್ತದೆ. ಅಡಿಕೋಲಿನ ಗಡಿಯನ್ನು ನಾನು ಕಂಡದ್ದು ಈ ಕುವೈತಿನ ನಕ್ಷೆಯಲ್ಲೇ.

ನಾಲ್ಕನೆಯದು ಅವರ ಸೀಮೆ, ಮಧ್ಯಪಶ್ಚಿಮ. ನಕ್ಷೆ ನೋಡಿ ನನಗೆ ತಡೆಯಲಾಗಲಿಲ್ಲ. "ಇದು ಪಶ್ಚಿಮದಲ್ಲಿ ಇಲ್ಲವಲ್ಲ ಸಾರ್?" ಎಂದು ನನ್ನ ಶಾಲೆಯ ಇಂಗ್ಲಿಷಿನಲ್ಲಿ ಕೇಳಿದೆ.

ಅವರು ನಕ್ಕರು. ಹೆಸರಿಟ್ಟವರು ಪೂರ್ವದ ಕರಾವಳಿಯಲ್ಲಿ ನಿಂತು ನೋಡಿದ್ದರು, ಅವರಿಗೆ ಆಗ ಅದೇ ಪಶ್ಚಿಮ ಎಂದರು. ನಾನು ನಮ್ಮ ಜಿಲ್ಲೆಯ ಕಥೆ ಹೇಳಿದೆ: ಮೈಸೂರು ನಮಗಿಂತ ದಕ್ಷಿಣಕ್ಕಿದ್ದರೂ ದಕ್ಷಿಣ ಕನ್ನಡ ಎನ್ನುವುದು ನಮ್ಮನ್ನೇ. ಆ ಮನೆಯಲ್ಲಿ ಅಷ್ಟು ಹೊತ್ತು ನಾವು ನಕ್ಕದ್ದು ಅದೊಂದೇ ಸಲ.

ಅವರ ರಾಜ್ಯ ನೆಬ್ರಾಸ್ಕಾ. ಜೋಳ ಬೆಳೆಯುವ ಬಯಲು. ಸಮುದ್ರ ನೋಡಬೇಕಾದರೆ ಮಧ್ಯದಲ್ಲಿ ಮೂರು ರಾಜ್ಯ ದಾಟಬೇಕು. ಅವರು ಮೊದಲ ಸಲ ಸಮುದ್ರ ಕಂಡದ್ದು ಇಪ್ಪತ್ತು ದಾಟಿದ ಮೇಲೆ. ಈಗ ಸಮುದ್ರ ಗೋಡೆಯ ಆಚೆಗೇ ಇತ್ತು, ನೋಡುವಂತಿರಲಿಲ್ಲ.

ಹತ್ತೊಂಬತ್ತನೆಯ ಪ್ರಾಂತ್ಯದ ಸುದ್ದಿ ಬಂದ ಮಧ್ಯಾಹ್ನ ವಿದ್ಯಾ ಕೇಳಿದಳು: "ಈ ಐವತ್ತನ್ನೂ ಹೀಗೇ ಸೈನಿಕರು ಬಂದು ಸೇರಿಸಿಕೊಂಡದ್ದಾ?"

ಡೇಲ್ ಸಾರ್ ಕಡ್ಡಿ ಕೆಳಗಿಟ್ಟರು. "ಕೆಲವನ್ನು ಕೊಂಡದ್ದು. ಕೆಲವು ತಾವಾಗಿ ಸೇರಿದವು," ಎಂದರು. ನಕ್ಷೆಯ ನಡುವೆ ಬೆರಳಿಟ್ಟು, "ನೆಬ್ರಾಸ್ಕಾ ಎಂದರೆ ಹರಡಿಕೊಂಡ ನೀರು ಅಂತ, ಮಗೂ. ಆ ಹೆಸರಿಟ್ಟ ಜನರನ್ನು ಅಲ್ಲಿಂದ ನಾವೇ ಓಡಿಸಿದೆವು," ಎಂದರು.

ಸೆಪ್ಟೆಂಬರಿನಲ್ಲಿ ಪಾಠ ನಿಂತಿತು. ಅವರಿಗೆ ರಕ್ತದೊತ್ತಡ ಇತ್ತು, ಎದೆ ಹಿಡಿದುಕೊಂಡು ಗೋಡೆಗೆ ಒರಗಿ ಕೂರುತ್ತಿದ್ದರು. ಕೆಳಗಿನ ಮಹಡಿಯ ಲೀನಾ ಬಾಯಿ, ಮಂಗಳೂರಿನ ಕೊಂಕಣಿಯವರು, ಆಸ್ಪತ್ರೆಯಲ್ಲಿ ನರ್ಸ್. ಅವರೊಬ್ಬರಿಗೆ ಮಾತ್ರ ಹೇಳಿದ್ದೆವು. ಅವರು ಮಾತ್ರೆ ತಂದುಕೊಡುತ್ತಿದ್ದರು. ಒಂದು ಬೆಳಿಗ್ಗೆ ಬಂದು ನನ್ನ ಕೈಗೆ ಒಂದು ಪಟ್ಟಿ ಮಾತ್ರೆ ಇಟ್ಟರು.

"ಸುಮತಿ ಅಕ್ಕ, ಇದೇ ಕೊನೆಯದು. ನಾಡಿದ್ದು ಜೋರ್ಡಾನಿಗೆ ನಮ್ಮ ಬಸ್ಸು, ಊರಿಗೆ ಹೋಗುವವರದ್ದು. ನೀವೂ ಹೆಸರು ಕೊಡಿ. ಆಮೇಲೆ ಬಸ್ಸು ಉಂಟೋ ಇಲ್ಲವೋ ದೇವರೇ ಬಲ್ಲ."

"ಡೇಲ್ ಸಾರನ್ನು ಎಂತ ಮಾಡುದು?"

ಲೀನಾ ಬಾಯಿ ಹಿಂದಿನ ಕೋಣೆಯ ಬಾಗಿಲು ನೋಡಿದರು. "ನನ್ನನ್ನು ಕೇಳಬೇಡಿ ಅಕ್ಕ," ಎಂದರು.

ಅದೇ ವಾರ ಕಟ್ಟಡದ ಕಾವಲುಗಾರ, ಈಜಿಪ್ಟಿನ ಮುದುಕ, ಮೆಟ್ಟಿಲ ಬಳಿ ನನ್ನನ್ನು ನಿಲ್ಲಿಸಿದ. ಮೂರು ಬೆರಳು ತೋರಿಸಿದ, ಆಮೇಲೆ ನಾಲ್ಕು. "ಮದಾಮ್, ತೀನ್ ಆದ್ಮಿ? ಚಾರ್ ಆದ್ಮಿ?" ಎಂದು ಹರುಕು ಹಿಂದಿಯಲ್ಲಿ ಕೇಳಿದ. ಬೆದರಿಕೆಯೋ ಎಚ್ಚರಿಕೆಯೋ ತಿಳಿಯಲಿಲ್ಲ.

ಇನ್ನೂ ಸ್ವಲ್ಪ ದಿನ ನೋಡುವ ಎಂದರು ಇವರು. ಹೊರಡಲೇಬೇಕು ಎಂದು ಹಟ ಹಿಡಿದವಳು ನಾನು. ಇದನ್ನು ಊರಿನಲ್ಲಿ ಯಾರಿಗೂ ಹೇಳಿಲ್ಲ, ಈಗ ಬರೆಯುತ್ತಿದ್ದೇನೆ. "ಅವರಿಗೆ ಅವರ ಸರಕಾರ ಉಂಟು. ವಿದ್ಯಾಳಿಗೆ ಯಾರುಂಟು?" ಎಂದೆ. ಹಿಂದಿನ ಕೋಣೆಗೆ ಕೇಳಿಸುತ್ತದೆ ಎಂಬುದು ನನಗೆ ಗೊತ್ತಿತ್ತು. ನಮ್ಮ ಮಾತು ತುಳುವಿನಲ್ಲಿತ್ತು. ಆದರೂ ಮರುದಿನ ಡೇಲ್ ಸಾರ್ ತಾವೇ ಬಾಗಿಲಿಗೆ ಬಂದು, "ವಸಂತ್, ನೀವು ಹೊರಡಿ. ಚಲೋ," ಎಂದರು. ಕೊನೆಯ ಶಬ್ದ ಇಲ್ಲಿಯ ಕೆಲಸಗಾರರಿಂದ ಕಲಿತದ್ದು.

ಇದ್ದ ಅಕ್ಕಿ, ಬೇಳೆ, ಎರಡು ಡಬ್ಬಿ ಟ್ಯೂನಾ ಬಿಟ್ಟೆವು. ಗಂಜಿ ಮಾಡುವುದು ಹೇಗೆ ಎಂದು ತೋರಿಸಿಕೊಟ್ಟೆ. ಹೊರಗಿನಿಂದ ಬೀಗ ಹಾಕಿದರೆ ಖಾಲಿ ಮನೆ ಎಂದು ಯಾರೂ ಬರಲಾರರು ಎಂದು ಇವರು ಲೆಕ್ಕ ಹಾಕಿದರು. ವಿದ್ಯಾ ಅವರ ಕೈ ಬಿಡಲಿಲ್ಲ, ನಾನೇ ಎಳೆದುಕೊಂಡೆ.

ಬಸ್ರಾ, ಬಾಗ್ದಾದ್, ಜೋರ್ಡಾನಿನ ಗಡಿಯ ಡೇರೆಗಳು, ಬೊಂಬಾಯಿ. ಊರಿಗೆ ಬಂದ ಮೇಲೆ ನಾವು 'ಕುವೈತಿನಿಂದ ಓಡಿ ಬಂದವರು' ಆದೆವು. ಮೊದಲ ವಾರ ಜನ ಮರುಕಪಟ್ಟರು, ಆಮೇಲೆ ನಮ್ಮನ್ನು ಕಂಡರೆ ದಾರಿ ಬದಲಿಸಿದರು. ನನ್ನ ಶಾಲೆಯಲ್ಲಿ ಬೇರೆ ಟೀಚರ್ ಇದ್ದರು. ವಿದ್ಯಾ ಮಾತು ಕಡಿಮೆ ಮಾಡಿದಳು.

ಯುದ್ಧ ಮುಗಿದ ಮೇಲೆ, ೧೯೯೧ರ ನಡುವೆ, ಕಂಪನಿ ಕರೆದಾಗ ಇವರು ಕುವೈತಿಗೆ ತಿರುಗಿ ಬಂದರು. ಅಬು ಹಲೀಫಾದ ಮನೆಗೆ ಬಾಗಿಲೇ ಇರಲಿಲ್ಲ. ಆ ಕಾವಲುಗಾರ ಇನ್ನೂ ಇದ್ದ. ನಾವು ಹೋಗಿ ಹತ್ತು ಹನ್ನೆರಡು ದಿನಕ್ಕೆ ಸೈನಿಕರು ಕಟ್ಟಡಕ್ಕೆ ಬಂದರಂತೆ. ಯಾರನ್ನೂ ಹುಡುಕಿಕೊಂಡು ಅಲ್ಲ. ಎ.ಸಿ., ಫ್ರಿಜ್ ಕದಿಯಲು, ಬೀಗ ಹಾಕಿದ ಮನೆಗಳನ್ನಷ್ಟೇ ಒಡೆದರಂತೆ. ಜನ ಇದ್ದ ಮನೆಗಳನ್ನು ಬಿಟ್ಟರಂತೆ. ನಮ್ಮ ಬೀಗ ಒಡೆದಾಗ ಒಳಗೆ ಡೇಲ್ ಸಾರ್ ಸಿಕ್ಕಿದರಂತೆ. "ನಾನು ಹೇಳಲಿಲ್ಲ, ವಲ್ಲಾಹಿ, ದೇವರಾಣೆ," ಎಂದು ಮುದುಕ ಇವರ ಕೈ ಹಿಡಿದು ಅತ್ತನಂತೆ. ಉಳಿದದ್ದನ್ನು ಕಂಪನಿಯವರು ಹೇಳಿದರು. ಡೇಲ್ ಸಾರ್ ಅವರನ್ನು ಇರಾಕಿನ ಯಾವುದೋ ಕಾರ್ಖಾನೆಯಲ್ಲಿಟ್ಟಿದ್ದರು. ಒತ್ತೆಯಾಳುಗಳನ್ನು ಬಿಡುವುದಕ್ಕೆ ಸ್ವಲ್ಪ ಮುಂಚೆ ಅಲ್ಲಿಯೇ ಎದೆನೋವಿನಿಂದ ತೀರಿಕೊಂಡರು. ದೇಹ ನೆಬ್ರಾಸ್ಕಾಕ್ಕೆ ಹೋಯಿತು.

ಇವರು ಡೇಲ್ ಸಾರ್ ಅವರ ಹೆಂಡತಿಗೆ ಪತ್ರ ಬರೆದರು. ಉತ್ತರ ನಾನೂ ಇಲ್ಲಿಗೆ ಬಂದ ಮೇಲೆ ಬಂತು. ನಮಗೆ ಕೃತಜ್ಞತೆ ಹೇಳಿ, ಕೊನೆಗೆ ಒಂದು ಮಾತು ಕೇಳಿದ್ದರು: ಅವರನ್ನು ಹಿಡಿದೊಯ್ಯುವಾಗ ಮನೆಯಲ್ಲಿ ಜೊತೆಗೆ ಯಾರಾದರೂ ಇದ್ದರೇ? ಉತ್ತರ ಬರೆಯಲು ಎರಡು ಸಲ ಕುಳಿತೆ. ಆಗಲಿಲ್ಲ.

ನಾನು ಇಲ್ಲಿಗೆ ಬಂದದ್ದು ಅಕ್ಟೋಬರಿನಲ್ಲಿ. ವಿದ್ಯಾ ಬರುವುದಿಲ್ಲ ಎಂದಳು, ನನ್ನ ಅಕ್ಕನ ಮನೆಯಲ್ಲಿ ಉಳಿದಳು. ನಾನು ಹೊರಡುವಾಗ ಜಗಲಿಯಲ್ಲಿ ನನಗೆ ಬೆನ್ನು ಹಾಕಿ ಕುಳಿತಿದ್ದಳು. ಇರಾಕಿನ ಸೈನ್ಯ ಹೋಗುವಾಗ ಬೆಂಕಿಯಿಟ್ಟ ಎಣ್ಣೆ ಬಾವಿಗಳಲ್ಲಿ ಕೆಲವು ಇನ್ನೂ ಉರಿಯುತ್ತಿದ್ದವು. ಗಾಳಿ ಈ ಕಡೆ ತಿರುಗಿದ ದಿನ ಮಧ್ಯಾಹ್ನವೂ ಆಕಾಶ ಕಪ್ಪು, ಒಣಗಲು ಹಾಕಿದ ಬಟ್ಟೆಯಲ್ಲಿ ಎಣ್ಣೆಯ ಮಸಿ. ಊರಿನಲ್ಲಿ ಇದ್ದಾಗ ಇಲ್ಲಿಯ ಮನೆ ನೆನಪಾಗುತ್ತಿತ್ತು. ಇಲ್ಲಿ ಈಗ ಬೇರೆ ಕಟ್ಟಡ, ಬೇರೆ ಕಿಟಕಿ. ನೆನಪಿಗೆ ಬರುವುದು ಅಕ್ಕನ ಜಗಲಿ ಅಲ್ಲ, ವಿದ್ಯಾಳ ಬೆನ್ನು.

ಕಳೆದ ವಾರ ಕಂಪನಿ ಎಲ್ಲರಿಗೂ ಒಂದು ಹೊಸ ಫಾರಂ ಕೊಟ್ಟಿತು. ಕೆಲಸಗಾರ ತೀರಿಕೊಂಡರೆ ದೇಹವನ್ನು ಎಲ್ಲಿಗೆ ಕಳಿಸಬೇಕು ಎಂಬ ಪ್ರಶ್ನೆ ಅದರಲ್ಲಿತ್ತು. ಇವರು ಊಟವಾದ ಮೇಲೆ ಪೆನ್ನು ಹಿಡಿದು ನನ್ನನ್ನು ನೋಡಿದರು.

"ಎಲ್ಲಿಗೆ ಅಂತ ಬರೆಯುವ ಸುಮತಿ?"

ಹೇಳಲು ಬಾಯಿ ತೆರೆದೆ. ಊರಿನ ಹೆಸರು ನಾಲಗೆಗೆ ಬಂತು, ಹೊರಗೆ ಬರಲಿಲ್ಲ. ಇವರು ಆ ಸಾಲನ್ನು ಖಾಲಿ ಬಿಟ್ಟು ಕೆಳಗೆ ಸಹಿ ಹಾಕಿದರು.