ತೆಂಗಿಲ್ಲದ ದೇಶದಲ್ಲಿ ಅಕ್ಕ ಮತ್ತು ನಾನು

ನಾನು ಚಿಕ್ಕವನಿದ್ದಾಗ ಪರದೇಶದಲ್ಲಿ ಕಳೆದುಹೋಗಿದ್ದೆ ಮಕ್ಕಳೇ. ಜೊತೆಯಲ್ಲಿ ಅಕ್ಕ ಇದ್ದಳು. ಹುಟ್ಟಿದಾಗಿನಿಂದ ಅವಳಿಗೆ ಕಿವಿ ಕೇಳದು, ಮಾತು ಬಾರದು. ನಮ್ಮೂರು ಶೆಟ್ಟಿಕೆರೆಯಿಂದ ಆಚೆಗೆ ಅವಳನ್ನು ಯಾರೂ ಕರೆದೊಯ್ಯುತ್ತಿರಲಿಲ್ಲ.

ಆ ವರ್ಷ ನಮ್ಮ ಕಡೆಯ ಕೆಲವು ಮನೆಯವರು ಬಸ್ಸು ಮಾಡಿಕೊಂಡು ಕಾಶಿ ನೋಡಿ, ಹಾಗೇ ನೇಪಾಳಕ್ಕೂ ಹೋಗಿಬರುವುದೆಂದು ನಿಶ್ಚಯಿಸಿದರು. ಅಕ್ಕನೂ ಬರುತ್ತಾಳೆಂದು ಅಪ್ಪ ಹೇಳಿದಾಗ ಸೋದರತ್ತೆ ಸುಮ್ಮನಿರಲಿಲ್ಲ.

“ಮಾತು ಬರದ ಹುಡ್ಗೀನ ಪರದೇಶಕ್ಕೆ ಯಾಕಣ್ಣ ಕರ್ಕೊಂಡೋಯ್ತೀಯ? ಕಳೆದೋದ್ರೆ ಊರ ಹೆಸ್ರು ಹೇಳಕ್ಕೂ ಬಾಯಿಲ್ಲ.”

“ನೋಡಕ್ಕೆ ಬಾಯಿ ಯಾಕ್ ಬೇಕು? ಕಣ್ಣೈತಲ್ಲ, ನೋಡ್ಲಿ ಬುಡು,” ಎಂದ ಅಪ್ಪ.

ಅತ್ತೆಯ ಮಾತು ಅವ್ವನ ಎದೆಯಲ್ಲಿ ಕೂತುಬಿಟ್ಟಿತು. ಬಸ್ಸು ನಿಂತಲ್ಲೆಲ್ಲ, “ಅಕ್ಕನ ಕೈ ಬುಡಬ್ಯಾಡ ಕಣ್ಲಾ,” ಎನ್ನುತ್ತಿದ್ದಳು. ಕೇಳಿ ಕೇಳಿ ಅವಳ ಭಯ ನನ್ನೊಳಗೂ ಇಳಿಯಿತು.

ಕಠ್ಮಂಡುವಿನಲ್ಲಿ ಬೆಳಿಗ್ಗೆ ಇಳಿದಾಗ ಮೊದಲು ಸೋಕಿದ್ದು ಚಳಿ. ಬಾಯಿ ತೆರೆದರೆ ಹೊಗೆ ಬರುತ್ತಿತ್ತು. ಎತ್ತರದ ಇಟ್ಟಿಗೆ ಮನೆಗಳಿಗೆ ಕೆತ್ತನೆಯ ಕಪ್ಪು ಕಿಟಕಿಗಳು. ಹೆಂಗಸರು ದೊಡ್ಡ ಬುಟ್ಟಿಯನ್ನು ಬೆನ್ನಿಗೆ ಹಾಕಿ, ಅದರ ಪಟ್ಟಿಯನ್ನು ಹಣೆಗೆ ಕೊಟ್ಟು ಬಾಗಿ ನಡೆಯುತ್ತಿದ್ದರು. ಗಾಳಿಯಲ್ಲಿ ಸಾಸಿವೆ ಎಣ್ಣೆಯ ಘಾಟು, ಧೂಪದ ವಾಸನೆ. ನನ್ನನ್ನು ಎಲ್ಲಕ್ಕಿಂತ ಕಂಗೆಡಿಸಿದ್ದು, ಎತ್ತ ಕತ್ತೆತ್ತಿದರೂ ಒಂದು ತೆಂಗಿನ ಮರ ಕಾಣದಿದ್ದದ್ದು. ಊರಲ್ಲಿ ದಾರಿ ತಪ್ಪಿದರೆ ಯಾರ ತೋಟವೆಂದು ನೋಡಿ ದಿಕ್ಕು ಹಿಡಿಯುತ್ತಿದ್ದೆ. ಇಲ್ಲಿ ಏನನ್ನು ನೋಡುವುದು?

ಬಸ್ಸನ್ನು ಬಯಲೊಂದರಲ್ಲಿ ನಿಲ್ಲಿಸಿ ಪೇಟೆಗೆ ನಡೆದೆವು. ಮಧ್ಯಾಹ್ನಕ್ಕೆ ವಾಪಸು ಹೊರಡಬೇಕಿತ್ತು. ಇಕ್ಕಟ್ಟಾದ ಬೀದಿಯಲ್ಲಿ ಮದುವೆ ದಿಬ್ಬಣವೊಂದು ಎದುರಾಯಿತು. ಉದ್ದನೆಯ ಕೊಂಬು ಊದುವವರು, ಕೆಂಪು ಬಟ್ಟೆಯವರು, ಜನವೋ ಜನ. ಅಕ್ಕ ಕಣ್ಣರಳಿಸಿ ನಿಂತಳು. ನಾನು ಅವಳ ಕೈ ಬಿಗಿಯಾಗಿ ಹಿಡಿದು ಗೋಡೆಗೆ ಒತ್ತಿಕೊಂಡೆ. ದಿಬ್ಬಣ ದಾಟಿದಾಗ ಅಪ್ಪನೂ ಇಲ್ಲ, ಅವ್ವನೂ ಇಲ್ಲ.

ಆ ಬೀದಿ ಈ ಬೀದಿ ಓಡಿದೆವು. “ಅಪ್ಪಾ!” ಎಂದು ಕೂಗಿ ಕೂಗಿ ಗಂಟಲು ಒಣಗಿತು. ಅಂಗಡಿಯವನೊಬ್ಬನಿಗೆ, “ನಮ್ ಬಸ್ಸು ಬಯಲಾಗೆ ನಿಂತೈತೆ,” ಎಂದೆ. ಅವನಿಗೆ ಬಸ್ಸು ಎನ್ನುವುದೊಂದೇ ತಿಳಿಯಿತೇನೋ, ನಮ್ಮನ್ನು ಕರೆದೊಯ್ದು ದೊಡ್ಡ ಬಸ್ ನಿಲ್ದಾಣದಲ್ಲಿ ಬಿಟ್ಟು, ನಕ್ಕು ಹೋದ. ಸಾಲು ಸಾಲು ಬಸ್ಸು, ಒಂದೂ ನಮ್ಮದಲ್ಲ. ಬಿಸಿಲು ನೆತ್ತಿಗೆ ಬರುತ್ತಿತ್ತು. ನಮ್ಮನ್ನು ಬಿಟ್ಟು ಹೊರಟೇ ಹೋದರೆ? ನನಗೆ ಬರುತ್ತಿದ್ದ ಕನ್ನಡವೆಲ್ಲ ಅಲ್ಲಿ ಒಂದು ಕಾಸಿನ ಕೆಲಸಕ್ಕೂ ಬರಲಿಲ್ಲ. ಬಿಕ್ಕಿ ಬಿಕ್ಕಿ ಅತ್ತೆ.

ಅಕ್ಕ ಸೆರಗಿನಿಂದ ನನ್ನ ಮುಖ ಒರೆಸಿದಳು. ಕಿತ್ತಳೆ ಮಾರುತ್ತಿದ್ದ ಹೆಂಗಸಿನ ಮುಂದೆ ಹೋಗಿ ಕುಕ್ಕರಗಾಲಲ್ಲಿ ಕೂತಳು. ಮೀಸೆ ತಿರುವಿ ಅಪ್ಪನನ್ನು, ತಲೆಗೆ ಸೆರಗು ಹೊದ್ದು ಅವ್ವನನ್ನು ತೋರಿಸಿದಳು. ಹೆಣೆದ ಬೆರಳುಗಳನ್ನು ಬಿಡಿಸಿ ದೂರ ಮಾಡಿದಳು. ಆಮೇಲೆ ಎಡಗೈಯನ್ನು ಪಾತ್ರೆಯಂತೆ ಬಾಗಿಸಿ ಬಲಮುಷ್ಟಿಯಿಂದ ಬಡಿದಳು. ಕೊನೆಗೆ ಬಾಯಿ ಅಗಲಿಸಿ, ಉಗುರು ಚಾಚಿ ಸಿಂಹವೇ ಆದಳು!

ಆಗ ನನಗೆ ನೆನಪಾಯಿತು. ಬಸ್ಸು ನಿಂತ ಬಯಲಿನ ಪಕ್ಕದ ಗುಡಿಯ ಬಾಗಿಲಲ್ಲಿ ಕಲ್ಲಿನ ಸಿಂಹಗಳಿದ್ದವು. ಗುಡಿಯೆದುರಿನ ಅಂಗಡಿಗಳಲ್ಲಿ ತಾಮ್ರದ ಹಂಡೆ ಬಡಿದು ಮಾಡುತ್ತಿದ್ದರು. ನಾನೂ ನೋಡಿದ್ದೆ, ಮರೆತಿದ್ದೆ.

ಆ ಹೆಂಗಸು ತಾನೂ ಮುಷ್ಟಿ ಬಡಿದು, ಪಾತ್ರೆ ಚಿಕ್ಕದೋ ದೊಡ್ಡದೋ ಎಂದು ಕೈಯಲ್ಲೇ ಕೇಳಿದಳು. ಅಕ್ಕ ಎರಡೂ ತೋಳು ಅಗಲಿಸಿದಳು. ಹೆಂಗಸು ತಲೆಯಾಡಿಸಿ, ಬುಟ್ಟಿಯನ್ನು ಪಕ್ಕದವಳಿಗೆ ಒಪ್ಪಿಸಿ ಎದ್ದಳು.

ಇವಳೂ ಎಲ್ಲೋ ಬಿಟ್ಟುಬಿಟ್ಟರೆ ಎಂದು ಅಕ್ಕನ ಸೆರಗು ಹಿಡಿದೇ ನಡೆದೆ. ಸಂದಿಗಳು ಮುಗಿಯಲೇ ಇಲ್ಲ. ಕೊನೆಗೆ ಟಣ್ ಟಣ್ ಎನ್ನುವುದು ಕೇಳಿಸಿತು. ಅಕ್ಕನಿಗೆ ಕೇಳದಲ್ಲ! ಅವಳ ತೋಳು ಜಗ್ಗಿ, ನನ್ನ ಕಿವಿ ಮುಟ್ಟಿ ತೋರಿಸಿ ಕುಣಿದೆ.

ಅವ್ವ ಬಸ್ಸಿನ ನೆರಳಲ್ಲಿ ನೆಲದ ಮೇಲೆ ಕೂತು ಅಳುತ್ತಿದ್ದಳು. ನಮ್ಮನ್ನು ಹುಡುಕಿಕೊಂಡು ಹೋಗಿದ್ದ ಅಪ್ಪನೂ ಅಷ್ಟರಲ್ಲಿ ಏದುಸಿರು ಬಿಡುತ್ತ ಬಂದ.

“ಹೆಂಗ್ಲಾ ಬಂದ್ರಿ? ದಾರಿ ಯಾರನ್ ಕೇಳ್ದೆ?”

“ನಾನಲ್ಲ. ಅಕ್ಕ ಕೇಳಿದ್ಲು.”

ಅವ್ವ ಎದ್ದು ಬಂದು ಅಕ್ಕನನ್ನು ತಬ್ಬಿಕೊಂಡಳು. ಆಮೇಲೆ ಚೀಲದಿಂದ ನಮ್ಮ ತೋಟದ ಕಾಯೊಂದನ್ನು ತೆಗೆದು ಆ ಹೆಂಗಸಿನ ಕೈಗಿಟ್ಟಳು. ಅವಳು ಅದನ್ನು ಹಣೆಗೊತ್ತಿಕೊಂಡು, ಅಕ್ಕನ ಕೆನ್ನೆ ಸವರಿ ಹೋದಳು. ಊರಿಗೆ ಬಂದ ಮೇಲೆ ಅಕ್ಕ ಚಿಕ್ಕನಾಯಕನಹಳ್ಳಿ ಸಂತೆಗೆ ಒಬ್ಬಳೇ ಹೋಗಿಬರತೊಡಗಿದಳು. ಅವ್ವ ಬೇಡ ಎನ್ನಲಿಲ್ಲ.

ಹೋದ ರಜೆಯಲ್ಲಿ ನೀವು ವಿಮಾನ ಹತ್ತಿ ಮಲೇಷ್ಯಾ ನೋಡಿಬಂದಿರಿ. ಹೊರಡುವ ಮುಂಚೆಯೇ ಹೋಟೆಲಿನ ಬಾಗಿಲನ್ನೂ ಫೋನಿನಲ್ಲಿ ನೋಡಿದ್ದಿರಿ. ಅಲ್ಲಿಯವರ ಮಾತನ್ನು ಆ ಫೋನೇ ನಿಮಗೆ ತಿಳಿಸಿತು, ನೀವೆಲ್ಲಿದ್ದೀರೆಂದು ನೀಲಿ ಚುಕ್ಕೆಯೊಂದು ತೋರಿಸಿತು. ಇಷ್ಟಿದ್ದರೂ, ಇಳಿದೆವು ಎಂದು ನೀವು ಹೇಳುವವರೆಗೆ ನಾನು ಜಗಲಿಗೂ ಗೇಟಿಗೂ ತಿರುಗುತ್ತಿದ್ದೆ. ನೀವು ಅಜ್ಜಿ ಎನ್ನುವ ಅದೇ ನನ್ನ ಅಕ್ಕ ನೋಡುವಷ್ಟು ನೋಡಿ, ನನ್ನನ್ನು ಎಳೆದು ಕೂರಿಸಿ ಮುದ್ದೆ ಬಡಿಸಿದಳು. ತಾನೂ ಉಂಡಳು. ಆಮೇಲೆ ಗೋಡೆಗೊರಗಿ ಹಾಯಾಗಿ ನಿದ್ದೆ ಹೋದಳು.