ಆಕರಪಟ್ಟಿಯಲ್ಲಿ ಅವ್ವನ ಹೆಸರು

ಹುಟ್ಟಿದಂದಿನಿಂದ ನಾನು ಕಂಡ ಸಂಗತಿ ಲೋಕದಲ್ಲೇ ಇಲ್ಲವೆಂದು ಮಣಿಪಾಲದ ಗ್ರಂಥಾಲಯವೊಂದರ ಕಂಪ್ಯೂಟರ್ ನನಗೆ ತಿಳಿಸಿತು. ನಮ್ಮ ವಿಜಯಪುರದ ಕಡೆ ಹಳೆಯ ಸೀರೆಗಳನ್ನು ಪದರ ಪದರವಾಗಿ ಹೊಲಿದು ಕೌದಿ ಮಾಡುತ್ತಾರಲ್ಲ, ನಮ್ಮ ಮನೆಯಲ್ಲಿ ಕಡೆಯ ಮೂಲೆ ಮುಚ್ಚುವ ಮುನ್ನ ಒಳಗೊಂದು ರೊಟ್ಟಿಯ ಚೂರು ಇಡುತ್ತಾರೆ. ಕೌದಿ ಹಸಿದಿರಬಾರದು. ಕೌದಿಯ ಮೇಲೆ ನಾನು ಬರೆಯುತ್ತಿದ್ದ ಪ್ರಬಂಧದ ಜೀವವೇ ಅದು. ಕೀವರ್ಡ್, ಅಂದರೆ ಹುಡುಕುವ ಪದ, ಎಷ್ಟು ಬದಲಿಸಿ ಕೊಟ್ಟರೂ ಒಂದು ಪುಸ್ತಕವೂ ಸಿಗಲಿಲ್ಲ. ಇಂಟರ್‌ನೆಟ್ಟಂತೂ ರೊಟ್ಟಿ ಬಡಿಯುವುದನ್ನು ಕಲಿಸಲು ಬಂತು. ಅದೂ ನನಗೆ!

ಊರಿನಲ್ಲಿ "ಹಿರ್ಯಾರು ಹೇಳ್ಯಾರ" ಎಂದರೆ ಮಾತು ಮುಗಿಯಿತು. ಇಲ್ಲಿ ಮಾತು ಶುರುವಾಗುವುದೇ ಅಲ್ಲಿಂದ. ಯಾರು ಹೇಳಿದ್ದು, ಎಲ್ಲಿ, ಯಾವಾಗ? ನಮ್ಮ ಕಡೆಯಿಂದ ಓದಲು ಬರುವವರಿಗೆ ಇಷ್ಟು ಹೇಳಿಬಿಡುತ್ತೇನೆ: ಬರಹದ ನಡುವೆ ಹೇಳಿದವರ ಹೆಸರು ಹಾಕುವುದು ಸೈಟೇಷನ್, ಕೊನೆಯಲ್ಲಿ ಅವರ ಪೂರ್ತಿ ವಿವರ ಕೊಡುವುದು ರೆಫರೆನ್ಸ್. ಪುಸ್ತಕದ ಬೆನ್ನಿಗೆ ಅಂಟಿಸಿದ ಕಾಲ್ ನಂಬರ್ ಅದರ ಕಪಾಟಿನ ವಿಳಾಸ. ವೆಬ್ ಪುಟಕ್ಕಾದರೆ ಯುಆರ್‌ಎಲ್. ಇಲ್ಲಿ ಎಲ್ಲಕ್ಕೂ ವಿಳಾಸವಿದೆ, ನನಗೊಬ್ಬಳಿಗೇ ಇಲ್ಲ ಎಂದು ಕಾಪುವಿನ ಬಾಡಿಗೆ ಕೋಣೆಯಲ್ಲಿ ಕುಚ್ಚಲಕ್ಕಿ ಅನ್ನದ ಮುಂದೆ ಕೂತು ಅತ್ತಿದ್ದೇನೆ.

ಆಕರವಿಲ್ಲದಿದ್ದರೆ ರೊಟ್ಟಿಯ ಭಾಗವನ್ನೇ ತೆಗೆಯಬೇಕು ಎಂದರು ನನ್ನ ಪ್ರಬಂಧದ ಗೈಡ್. ಅದನ್ನು ತೆಗೆದರೆ ಉಳಿಯುವುದು ಬರೀ ಚಿಂದಿ.

ಶಿರ್ವದಿಂದ ದಿನಾ ಬಸ್ಸಿನಲ್ಲಿ ಬರುವ ಗ್ರಂಥಪಾಲಕಿ ಸಿಲ್ವಿಯಾ ಮೇಡಂ ನನ್ನ ಮುಖ ನೋಡಿ ಪಕ್ಕದಲ್ಲೇ ಕೂತರು.

"ಎಂತ ಆಯ್ತು?"

"ಇದನ್ನ ಯಾರೂ ಬರ್ದಿಲ್ರಿ ಮೇಡಂ."

"ನಿನಗೆ ಯಾರು ಹೇಳಿದ್ದು?"

"ನಮ್ಮವ್ವ."

"ಮತ್ತೆ ಎಂತಕ್ಕೆ ಅಳುವುದು ಮಾರಾಯ್ತಿ? ಅಮ್ಮನ ಹತ್ತಿರ ಕೇಳಿ ಬರೆದುಕೋ. ಸಂದರ್ಶನವೂ ಆಕರವೇ ಅಲ್ವಾ? ಹೆಸರು, ಊರು, ದಿನಾಂಕ ಸರಿಯಾಗಿ ಹಾಕು."

ಗೈಡ್ ಕೂಡ ಒಪ್ಪಿದರು. ಆ ಸಂಜೆಯೇ ಅವ್ವನಿಗೆ ಫೋನ್ ಮಾಡಿದೆ. ರೊಟ್ಟಿಯ ಕಥೆಯನ್ನು ಅವಳು ಬಾಯಿತುಂಬ ಹೇಳಿದಳು. ಆಕರಪಟ್ಟಿಗೆ ಅವಳ ಹೆಸರು ಬರೆಯುತ್ತೇನೆಂದಾಗ ಮಾತ್ರ ತಡೆದಳು. ನಮ್ಮಲ್ಲಿ ಮದುವೆಯ ದಿನ ಸೊಸೆಯ ಹೆಸರು ಬದಲಿಸುತ್ತಾರೆ. ಅಂದಿನಿಂದ ಅವಳು ಕಸ್ತೂರಿಬಾಯಿ.

"ಕೌದಿ ಕಲ್ತಾಕಿ ಕಸ್ತೂರಿ ಅಲ್ಲವ್ವಾ. ತವರಮನ್ಯಾಗ ನಮ್ಮವ್ವನ ಬಾಜೂಕ ಕುಂತು ಕಲ್ತಾಕಿ ಗಂಗವ್ವ. ಆಕಿ ಹೆಸರ ಹಾಕು. ಆ ಹೆಸರ್ಲೆ ಕರ್ಯಾವ್ರು ಈಗ ಯಾರೂ ಉಳ್ದಿಲ್ಲ."

ಬರೆದಿದ್ದ ಹೆಸರನ್ನು ಹೊಡೆದುಹಾಕಿ ಗಂಗವ್ವ ಎಂದು ಬರೆದುಕೊಂಡೆ. ಈಗ ಪ್ರಬಂಧದ ಕೊನೆಯಲ್ಲಿ ವಿದ್ವಾಂಸರ ಸಾಲಿನ ನಡುವೆ ಗಂಗವ್ವ ಕೂತಿದ್ದಾಳೆ. ರೊಟ್ಟಿಯ ಚೂರು ಕೌದಿಯೊಳಗೇ ಉಳಿಯಿತು.

ಈ ಸುದ್ದಿ ಹೇಳಿದಾಗ ಅವ್ವ ಕೇಳಿದಳು, "ಅಲ್ಲಿ ನಿನಗ ಏನಂತ ಕರೀತಾರ?"

"ಮಾರಾಯ್ತಿ ಅಂತಾರ."

ಅವಳು ನಕ್ಕಳು. "ನಿನಗೂ ಹೆಸರ ಬದ್ಲಿ ಮಾಡ್ಯಾರ ನೋಡು. ಇರ್ಲಿ ಬಿಡು ಶ್ರೀದೇವಿ, ಹಳೇ ಹೆಸರ್ಲೆ ಕರ್ಯಾಕ ನಾ ಇನ್ನೂ ಅದೀನಿ."