ಚಿಲಕದ ಸದ್ದು

ಫೆರ್ಲಾಖ್ ಊರಿನ ಕೋವಿ ಕೆಲಸದವರಿಗೆ ಒಂದು ಜಂಬ. ಮರಕ್ಕೂ ಕಬ್ಬಿಣಕ್ಕೂ ನಡುವೆ ಕೂದಲು ತೂರಬಾರದು. ಸಂದು ಕಂಡರೆ ಮಾಡಿದವನ ಮಾನ ಆ ಸಂದಿನಲ್ಲೇ ಸೋರಿಹೋಯಿತು ಎಂದು ಲೆಕ್ಕ. ಸೊಸೆಯಾಗಿ ಬಂದ ಲೋನಿಗೂ ಆ ಜಂಬ ಅಂಟಿತ್ತು. ಮಾವ ಗ್ರೆಗೊರ್‌ನ ಕೈಕೆಳಗೆ ಉಳಿ ಹಿಡಿಯಲು ಕಲಿತವಳಿಗೆ ಅಂಟದೆ ಇರುವುದುಂಟೆ?

ಗಂಡ ಶಿಮನ್‌ನ ಹಳೆಯ ಕೋವಿಯಲ್ಲಿ ನಳಿಕೆಯಡಿಯ ಮರ ಸೀಳಿತ್ತು. ಕೀಲಿನಲ್ಲಿ ಬಗ್ಗಿ ತೆರೆದುಕೊಳ್ಳುವ ಒಂಟಿ ಗುಂಡಿನ ಕೋವಿ ಅದು. ತೆರೆದಾಗ ನಳಿಕೆ ಕಳಚಿ ಬೀಳದಂತೆ ಹಿಡಿಯುವುದೇ ಆ ಮುಂದಿನ ಮರ. ಲೋನಿ ಹೊಸ ಅಕ್ರೋಟು ಮರ ಕಡೆದು, ಚೌಕಟ್ಟಿನ ಕಬ್ಬಿಣಕ್ಕೆ ದೀಪದ ಮಸಿ ಹಿಡಿಸಿ, ಮರವನ್ನು ಒತ್ತಿ ತೆಗೆದು, ಕಪ್ಪು ಅಂಟಿದಲ್ಲೆಲ್ಲ ಕೆರೆದು ಕೆರೆದು ಕೂರಿಸಿದಳು. ಮಾವ ಉಗುರಾಡಿಸಿ ನೋಡಿ, "ಉಸಿರೂ ಒಳಗೋಗಲ್ಲ ಬಿಡು" ಎಂದ. ಆ ಮುದುಕನ ಬಾಯಲ್ಲಿ ಹೊಗಳಿಕೆಯೆಂದರೆ ಮರಳಿನಿಂದ ಎಣ್ಣೆ ತೆಗೆದ ಹಾಗೆ.

ಬೆಳಿಗ್ಗೆ ಶಿಮನ್ ಅದೇ ಕೋವಿ ಹೆಗಲಿಗೇರಿಸಿ, ಬೇಟೆಯ ಮುಖಂಡ ಕಾಸ್ಪರ್‌ನ ತಂಡ ಮತ್ತು ನಾಯಿಗಳ ಜೊತೆ ಗುಡ್ಡ ಹತ್ತಿದ. ಹಿಂದಿನ ದಿನ ಗುಂಡು ತಗುಲಿದ ಹಂದಿಯೊಂದು ಪೊದೆ ಹೊಕ್ಕಿತ್ತು. ಗಾಯದ ಪ್ರಾಣಿಯನ್ನು ಹುಡುಕಿ ಮುಗಿಸದೆ ಬಿಡುವುದು ಅಲ್ಲಿ ಪಾಪ.

ಅವನು ಹೋದ ಮೇಲೆ ಲೋನಿ ಗಿರಾಕಿಯೊಬ್ಬನ ಕೋವಿಗೆ ಮರ ಹಾಕಿ ಒತ್ತಿದಳು. ಮರವನ್ನು ನಳಿಕೆಗೆ ಬಿಗಿದು ಹಿಡಿಯುವ ಒಳಗಿನ ಚಿಲಕ ಟಕ್ಕೆಂದು ಕೂತಿತು. ಶಿಮನ್‌ನ ಕೋವಿಯಲ್ಲಿ ಈ ಸದ್ದು ಬಂದಿರಲಿಲ್ಲ. ಮರ ಎಷ್ಟು ಬಿಗಿಯಾಗಿ ಕಚ್ಚಿತ್ತೆಂದರೆ ಚಿಲಕ ತನ್ನ ಗೂಡಿಗೆ ಇಳಿದೇ ಇರಲಿಲ್ಲ. ಮೊದಲ ಗುಂಡಿನ ಒದೆತಕ್ಕೆ ಮರ ಹಾರುತ್ತದೆ. ಎರಡನೆಯ ತೋಟಾ ತುಂಬಲು ತೆರೆದರೆ ನಳಿಕೆಯೇ ಕಳಚಿ ಕೈಗೆ ಬರುತ್ತದೆ. ಎದುರಿಗೆ ಗಾಯಗೊಂಡ ಹಂದಿ.

"ಮಾವ, ಚಿಲಕ ಕೂತಿಲ್ಲ. ಹೋಗಿ ಹೇಳ್ಬರ್ತೀನಿ."

"ತಲೆಗಿಲೆ ಕೆಟ್ಟಿದೆಯಾ? ನಾನೇ ನೋಡಿದೀನಲ್ಲ. ಆ ಬಾಯಿಬಡುಕ ಕಾಸ್ಪರ್ ಮುಂದೆ ನಮ್ಮನೆ ಕೆಲಸ ಕೆಟ್ಟದು ಅಂತ ಡಂಗುರ ಹೊಡೀತೀಯಾ?"

"ನೀವು ಸಂದು ನೋಡಿದ್ರಿ. ಸದ್ದು ಕೇಳಿದ್ರಾ?"

ಲೋನಿ ಏಪ್ರನ್ ಕೂಡ ಬಿಚ್ಚದೆ ಓಡಿದಳು.

ಗುಡ್ಡದ ಅರ್ಧದಲ್ಲಿ ಒಂದು ಗುಂಡು ಕೇಳಿಸಿತು. ಇನ್ನೊಂದು ಬರಲಿ ತಾಯಿ, ಇನ್ನೊಂದು ಬರಲಿ ಎಂದು ಮೇರಿಮಾತೆಗೆ ಮೊರೆಯಿಟ್ಟಳು. ಬರಲಿಲ್ಲ. ನಾಯಿಗಳ ಬೊಗಳು ಮಾತ್ರ, ಆಮೇಲೆ ಅದೂ ಇಲ್ಲ. ಒಂದೇ ಗುಂಡಿಗೆ ಬಿದ್ದಿರಬಹುದಲ್ಲ ಎಂದು ಮನಸ್ಸು ಸಮಾಧಾನ ಹೇಳಿತು, ಅವಳು ನಂಬಲಿಲ್ಲ. ಬಿದ್ದು ಎದ್ದು ಹತ್ತಿದಳು.

ಪೊದೆಯಂಚಿನಲ್ಲಿ ಶಿಮನ್ ಕುಕ್ಕರಿಸಿದ್ದ. ಒಂದು ಕೈಯಲ್ಲಿ ನಳಿಕೆ, ಇನ್ನೊಂದರಲ್ಲಿ ಕೋವಿಯ ಉಳಿದರ್ಧ. ಷರಾಯಿ ತೊಡೆಯವರೆಗೂ ಸೀಳಿ, ಒಳಗೆ ಉದ್ದಕ್ಕೆ ಗೀರು. ಹಂದಿ ಅವನ ಕಾಲಬಳಿಯೇ ಸತ್ತು ಬಿದ್ದಿತ್ತು, ಪಕ್ಕೆಯಲ್ಲಿ ಕಾಸ್ಪರ್‌ನ ಚೂರಿ. ಕಾಸ್ಪರ್ ಏದುಸಿರು ಬಿಡುತ್ತಲೇ ಕೇಳಿದ: "ನಿಮ್ಮನೇಲಿ ಈಗ ಕೋವಿ ಅರ್ಧರ್ಧ ಮಾರ್ತೀರೇನಪ್ಪಾ?"

"ಮರ ಹಸಿ ಇತ್ತು ಅನ್ಸತ್ತೆ" ಎಂದ ಶಿಮನ್, ಹೆಂಡತಿಯ ಮುಖ ನೋಡದೆ.

"ಮರ ಸರಿ ಇತ್ತು," ಲೋನಿ ಎಲ್ಲರಿಗೂ ಕೇಳುವಂತೆ ಹೇಳಿದಳು. "ಕೂರ್ಸಿದ್ದು ನಾನು. ಚಿಲಕ ಬಿದ್ದಿರ್ಲಿಲ್ಲ. ನಾನು ಸಂದು ನೋಡ್ತಾ ಕೂತಿದ್ದೆ."

ಯಾರೂ ನಗಲಿಲ್ಲ. ನಕ್ಕಿದ್ದರೇ ಅವಳಿಗೆ ಹಗುರಾಗುತ್ತಿತ್ತೇನೋ.

ಆಮೇಲೂ ಲೋನಿ ಮುದುಕಿಯಾಗುವವರೆಗೆ ಮರ ಕೂರಿಸಿದಳು. ಆದರೆ ಭಯ ಹೋಗಲಿಲ್ಲ. ಮುಗಿದ ಕೋವಿಯನ್ನು ತಾನೇ ಹಿತ್ತಿಲಿಗೆ ಒಯ್ದು ಮೊದಲ ಗುಂಡು ಹಾರಿಸದೆ ಯಾರ ಕೈಗೂ ಕೊಡುತ್ತಿರಲಿಲ್ಲ.

"ಕೊಡಿಲ್ಲಿ, ನಾನು ಹಾರಿಸ್ತೀನಿ" ಎನ್ನುತ್ತಿದ್ದ ಶಿಮನ್.

"ನೀನು ದೂರ ನಿಂತ್ಕೋ," ಎನ್ನುತ್ತಿದ್ದಳು. "ಹಾರೋ ಮರ ನನ್ನ ಕೈಯಿಂದ್ಲೇ ಹಾರ್ಲಿ."